ಗುಲಾಬಿ ಹೂವು ಅಚ್ಚು ಬಿಡದಿದ್ದರೆ ಬೈಯಬೇಕಾದ್ದು ಹಿಟ್ಟನ್ನಲ್ಲ

ಪ್ರತಿ ವರ್ಷ ಡಿಸೆಂಬರ್ 23ರ ರಾತ್ರಿ ಎಂಟರ ಹೊತ್ತಿಗೆ ನನಗೊಂದು ಫೋನ್ ಬರುತ್ತದೆ. ಒಂದು ವರ್ಷ ನಾದಿನಿ, ಇನ್ನೊಂದು ವರ್ಷ ಆಫೀಸಿನ ಗೆಳತಿ, ಹೋದ ವರ್ಷ ಹಿಂದಿನ ಬೀದಿಗೆ ಹೊಸದಾಗಿ ಬಾಡಿಗೆಗೆ ಬಂದವರು. ಪ್ರಶ್ನೆ ಮಾತ್ರ ಒಂದೇ, ಕ್ರಿಸ್ಮಸ್‌ಗೆ ಅಚ್ಚಿನಲ್ಲಿ ಕರಿಯುವ ಗುಲಾಬಿ ಹೂವು ಎಂಬ ತಿಂಡಿಯದು. ‘ಅಕ್ಕಾ, ಹಿಟ್ಟು ಅಚ್ಚಿಗೆ ಕಚ್ಚಿಕೊಂಡಿದೆ, ಬಿಡ್ತಾನೇ ಇಲ್ಲ. ಇನ್ನೊಂದು ಮೊಟ್ಟೆ ಹಾಕ್ಲಾ?’

ಬೇಡ. ಮೊಟ್ಟೆ ಹಾಕಬೇಡಿ, ಮೈದಾ ಸುರಿಯಬೇಡಿ, ಸೋಡಾ ಅಂತೂ ಮುಟ್ಟಲೇಬೇಡಿ. ಹತ್ತರಲ್ಲಿ ಒಂಬತ್ತು ಸಲ ತಪ್ಪು ಇರುವುದು ಹಿಟ್ಟಿನಲ್ಲಿ ಅಲ್ಲ, ಅಚ್ಚಿನ ಬಿಸಿಯಲ್ಲಿ. ಅದನ್ನು ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ ಈ ಸಲ ಮೊದಲೇ ಬರೆದುಬಿಡುತ್ತಿದ್ದೇನೆ. ಜೊತೆಗೆ ಮನೆಯಲ್ಲೇ ಕಟ್ಟುವ ನಕ್ಷತ್ರ, ಗೋದಲಿಗೆ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯನ್ನು ಗೊಂಬೆಗಳಲ್ಲಿ ತೋರಿಸುವ ಅಲಂಕಾರಕ್ಕೆ, ಬೆಳೆಸುವ ರಾಗಿ ಪೈರು. ಯಾವುದಕ್ಕೂ ಜಾಸ್ತಿ ದುಡ್ಡು ಬೇಡ. ದುಡ್ಡು ಹಾಕಲೇಬೇಕಾದ ವಸ್ತು ಒಂದೇ, ಅಚ್ಚು.

ಅಚ್ಚು ಕೊಳ್ಳುವಾಗ

ರೋಸ್ ಕುಕ್ಕೀಸ್ ಅನ್ನಿ, ಅಚ್ಚುಮುರುಕು ಅನ್ನಿ. ನಮ್ಮ ಮನೆಯಲ್ಲಿ ಗುಲಾಬಿ ಹೂವು ಅಂತಲೇ ರೂಢಿ. ಇದರ ಅಚ್ಚು ಕಬ್ಬಿಣದ್ದೋ ಹಿತ್ತಾಳೆಯದೋ ಇರಲಿ. ಕೈಯಲ್ಲಿ ಹಿಡಿದರೆ ಭಾರ ಅನ್ನಿಸಬೇಕು. ಭಾರದ ಅಚ್ಚು ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ತೆಳುವಾದದ್ದು ಹಿಟ್ಟಿಗೆ ಅದ್ದಿದ ಕೂಡಲೇ ತಣ್ಣಗಾಗುತ್ತದೆ. ಪಾತ್ರೆ ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ನೋಡಿಯೇ ತನ್ನಿ. ನಾನೊಮ್ಮೆ ಫೋಟೊ ನೋಡಿ ಮರುಳಾಗಿ ಆನ್‌ಲೈನಿನಲ್ಲಿ ಫಳಫಳ ಹೊಳೆಯುವ ಅಲ್ಯೂಮಿನಿಯಂ ಅಚ್ಚು ತರಿಸಿದ್ದೆ. ನಾಲ್ಕನೇ ಹೂವಿಗೆ ಹಿಡಿಯ ಸ್ಕ್ರೂ ಕಳಚಿತು, ಅಚ್ಚು ಬಾಣಲೆಯ ತಳ ಸೇರಿತು. ಅಷ್ಟು ಎಣ್ಣೆ ಆರುವ ತನಕ ಕೈಕಟ್ಟಿ ಕೂತಿದ್ದಾಯ್ತು. ಅಮ್ಮನ ಕಾಲದ ಅಚ್ಚು ಮನೆಯಲ್ಲಿದ್ದರೆ ಹೊಸದರ ಗೋಜಿಗೇ ಹೋಗಬೇಡಿ.

ಹೊಸ ಕಬ್ಬಿಣದ ಅಚ್ಚನ್ನು ತಂದ ದಿನವೇ ಬಳಸುವಂತಿಲ್ಲ. ಹೊಸ ದೋಸೆ ಕಾವಲಿಯನ್ನು ಪಳಗಿಸುತ್ತೀರಲ್ವಾ, ಇದೂ ಹಾಗೆಯೇ. ಒಂದು ಸಲ ಸೋಪಿನಲ್ಲಿ ಚೆನ್ನಾಗಿ ತಿಕ್ಕಿ ತೊಳೆಯಿರಿ. ಅದಕ್ಕೆ ಸೋಪು ತಾಗುವುದು ಅದೇ ಮೊದಲು, ಅದೇ ಕೊನೆ. ಅನ್ನ ಬಸಿದ ಗಂಜಿಯಲ್ಲಿ ಎರಡು ದಿನ ನೆನೆಹಾಕಿ, ಗಂಜಿಯನ್ನು ದಿನಾ ಬದಲಿಸಿ. ತೊಳೆದು, ಒರೆಸಿ, ಎಣ್ಣೆ ಸವರಿ ರಾತ್ರಿಯಿಡೀ ಬಿಡಿ. ಮರುದಿನ ಕಾದ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಮುಳುಗಿಸಿಡಿ. ಅಂದರೆ 23ಕ್ಕೆ ಹೂವು ಬೇಕಿದ್ದರೆ 19ಕ್ಕಾದರೂ ಅಚ್ಚು ಮನೆಯಲ್ಲಿರಬೇಕು.

ಹಿಟ್ಟು

ಮೈದಾ ಒಂದು ಕಪ್, ಅಕ್ಕಿ ಹಿಟ್ಟು ಅರ್ಧ ಕಪ್, ಪುಡಿ ಮಾಡಿದ ಸಕ್ಕರೆ ಅರ್ಧ ಕಪ್ಪಿಗೆ ಸ್ವಲ್ಪ ಕಡಿಮೆ, ಮೊಟ್ಟೆ ಒಂದು, ತೆಂಗಿನ ಹಾಲು ಸುಮಾರು ಒಂದು ಕಪ್, ಚಿಟಿಕೆ ಉಪ್ಪು, ಏಲಕ್ಕಿ, ಒಂದು ಚಮಚ ಎಳ್ಳು. ಗಂಟಿಲ್ಲದಂತೆ ಕಲಸಿ, ಸೋಸಿ, ಅರ್ಧ ಗಂಟೆ ಬಿಡಿ. ಎಳ್ಳನ್ನು ಸೋಸಿದ ಮೇಲೆ ಹಾಕಿ. ಮೊದಲೇ ಹಾಕಿದರೆ ಜರಡಿಯಲ್ಲೇ ಉಳಿಯುತ್ತದೆ. ನಗಬೇಡಿ, ನಾನು ಮಾಡಿದ್ದೇನೆ.

ಸೌಟನ್ನು ಅದ್ದಿ ಎತ್ತಿ, ಅದರ ಬೆನ್ನಿನ ಮೇಲೆ ಬೆರಳಿನಿಂದ ಗೆರೆ ಎಳೆಯಿರಿ. ಗೆರೆ ಹಾಗೇ ನಿಂತರೆ ಹದ ಸರಿ. ಹರಿದು ಮುಚ್ಚಿಹೋದರೆ ತೆಳುವಾಗಿದೆ, ಇನ್ನೆರಡು ಚಮಚ ಮೈದಾ ಹಾಕಿ. ಬಜ್ಜಿ ಹಿಟ್ಟಿನಷ್ಟು ದಪ್ಪ ಇದ್ದರೆ ಹೂವು ಮೆತ್ತಗಾಗುತ್ತದೆ. ಮೊಟ್ಟೆ ತಿನ್ನದವರು ಅದನ್ನು ಬಿಟ್ಟು ಗಟ್ಟಿ ತೆಂಗಿನ ಹಾಲು ಹಾಕಿಕೊಳ್ಳಬಹುದು. ಹೂವು ಸ್ವಲ್ಪ ಬಿರುಸಾಗುತ್ತದೆ, ರುಚಿಗೆ ಮೋಸವಿಲ್ಲ.

ಸಕ್ಕರೆ ಜಾಸ್ತಿ ಮಾಡಬೇಡಿ. ಸಕ್ಕರೆ ಹೆಚ್ಚಾದರೆ ಹೂವು ಅಚ್ಚಿಗೆ ಕಚ್ಚುತ್ತದೆ, ಒಳಗೆ ಬೇಯುವ ಮೊದಲೇ ಹೊರಗೆ ಕಪ್ಪಾಗುತ್ತದೆ. ರೆಡಿಮಿಕ್ಸ್ ಪ್ಯಾಕೆಟ್ಟುಗಳ ಮೇಲೆ ನನ್ನ ಮುನಿಸು ಇದಕ್ಕೇ. ಅದರಲ್ಲಿ ಇರುವುದು ಸಕ್ಕರೆ ಮತ್ತು ವೆನಿಲ್ಲಾ ವಾಸನೆ, ಅಷ್ಟೇ.

ಎಲ್ಲರೂ ಎಡವುವ ಜಾಗ

ಬಾಣಲೆ ಆಳವಾಗಿರಲಿ. ಅಚ್ಚು ಪೂರ್ತಿ ಮುಳುಗಿ, ತಳಕ್ಕೆ ತಾಗದೆ ನಿಲ್ಲುವಷ್ಟು ಎಣ್ಣೆ ಬೇಕು. ನಾನು ಕಡಲೆಕಾಯಿ ಎಣ್ಣೆ ಹಾಕುತ್ತೇನೆ. ಹಿಟ್ಟನ್ನು ಅಗಲದ ಬೇಸಿನ್‌ನಲ್ಲಿ ಇಡಬೇಡಿ, ಅಚ್ಚು ಇಳಿಯುವಷ್ಟು ಬಾಯಿ ಇರುವ ಆಳದ ಬಟ್ಟಲು ತೆಗೆದುಕೊಳ್ಳಿ. ಅದು ಬಾಣಲೆಗೆ ಒತ್ತಿಕೊಂಡೇ ಇರಲಿ. ಎಣ್ಣೆಯಿಂದ ಹಿಟ್ಟಿಗೆ ಹೋಗುವ ದಾರಿಯಲ್ಲೇ ಅಚ್ಚು ಆರಿಬಿಡುತ್ತದೆ.

ಎಣ್ಣೆಯ ಜೊತೆಗೇ ಅಚ್ಚನ್ನೂ ಕಾಯಲು ಬಿಡಿ. ಎಣ್ಣೆ ಕಾದ ಮೇಲೆ ಇನ್ನೂ ಐದು ನಿಮಿಷ ಅಲ್ಲೇ ಇರಲಿ. ಒಂದು ತೊಟ್ಟು ಹಿಟ್ಟು ಬಿಟ್ಟು ನೋಡಿ. ತಕ್ಷಣ ಮೇಲೆದ್ದು ಬರಬೇಕು, ಆದರೆ ಬಂದ ಕೂಡಲೇ ಕೆಂಪಾಗಬಾರದು. ಅಲ್ಲಿಗೆ ಉರಿಯನ್ನು ಮಧ್ಯಮಕ್ಕೆ ಇಳಿಸಿ.

ಅಚ್ಚನ್ನು ಎತ್ತಿ ಎಣ್ಣೆ ಸೋರಲು ಬಿಡಿ, ಮಡಚಿದ ಹಳೆ ಕಾಟನ್ ಬಟ್ಟೆಯ ಮೇಲೆ ಒಮ್ಮೆ ಒತ್ತಿ ತೆಗೆಯಿರಿ. ಇದನ್ನು ಯಾರೂ ಮಾಡುವುದಿಲ್ಲ. ಎಣ್ಣೆ ತೊಟ್ಟಿಕ್ಕುವ ಅಚ್ಚಿಗೆ ಹಿಟ್ಟು ಹಿಡಿಯುವುದೇ ಇಲ್ಲ, ಜಾರಿ ಬಟ್ಟಲಿಗೇ ವಾಪಸ್ ಬೀಳುತ್ತದೆ.

ಒತ್ತಿದ ಕೂಡಲೇ ಹಿಟ್ಟಿಗೆ ಇಳಿಸಿ. ಅಚ್ಚಿನ ಮುಕ್ಕಾಲು ಭಾಗ ಮಾತ್ರ. ಮೇಲಿನ ಅಂಚಿಗೆ ಹಿಟ್ಟು ಹತ್ತಿತೋ, ಹೂವು ಅಚ್ಚನ್ನು ತಬ್ಬಿಕೊಂಡು ಬೀಗ ಹಾಕಿದ ಹಾಗೆ ಕೂತುಬಿಡುತ್ತದೆ. ಆಮೇಲೆ ಚಾಕು ಹಾಕಿ ಕೆರೆಯುವುದೊಂದೇ ದಾರಿ. ಅದ್ದಿದಾಗ ‘ಚುಂಯ್’ ಅನ್ನಬೇಕು. ಎರಡು ಎಣಿಸಿ, ಎತ್ತಿ.

ಆ ಸದ್ದನ್ನು ಕಿವಿಗೊಟ್ಟು ಕೇಳಿ, ಅರ್ಧ ವಿದ್ಯೆ ಅಲ್ಲೇ ಇದೆ. ಸದ್ದೇ ಇಲ್ಲ, ಎತ್ತಿದರೆ ಅಚ್ಚು ಬರಿದಾಗಿದೆ ಎಂದರೆ ಅಚ್ಚು ತಣ್ಣಗಿದೆ. ಮತ್ತೆ ಎಣ್ಣೆಗೆ. ಜೋರಾಗಿ ಚಟಪಟ ಅಂದು, ಹಿಟ್ಟು ಬಟ್ಟಲಲ್ಲೇ ಬೆಂದು ಚೂರುಚೂರಾಗಿ ಉದುರಿದರೆ ಅಚ್ಚು ಅತಿಯಾಗಿ ಕಾದಿದೆ. ಗಾಳಿಯಲ್ಲಿ ಹತ್ತು ಎಣಿಸುವಷ್ಟು ಹೊತ್ತು ಹಿಡಿದು ಆಮೇಲೆ ಅದ್ದಿ. ಬಟ್ಟಲಲ್ಲಿ ಬೆಂದ ಚೂರುಗಳನ್ನು ಎತ್ತಿ ಬಿಸಾಡಿ, ಇಲ್ಲದಿದ್ದರೆ ಮುಂದಿನ ಹೂವಿಗೆ ಅಡ್ಡ ಬರುತ್ತವೆ.

ಹಿಟ್ಟು ಹತ್ತಿದ ಅಚ್ಚನ್ನು ಎಣ್ಣೆಯಲ್ಲಿ ಮುಳುಗಿಸಿ ಹದಿನೈದು, ಇಪ್ಪತ್ತು ಸೆಕೆಂಡು ಅಲುಗಾಡಿಸದೆ ಹಿಡಿಯಿರಿ. ಅವಸರದವರು ಇಲ್ಲೇ ಕೆಡಿಸುವುದು, ಇಳಿಸಿದ ಕೂಡಲೇ ಕುಲುಕಲು ಶುರು ಮಾಡುತ್ತಾರೆ. ಅಂಚು ಗಟ್ಟಿಯಾಗುವ ತನಕ ಹೂವು ಬಿಡುವುದಿಲ್ಲ, ಹರಿಯುತ್ತದೆ. ಗಟ್ಟಿಯಾದ ಮೇಲೆ ಮೆಲ್ಲಗೆ ಮೇಲೆ ಕೆಳಗೆ ಆಡಿಸಿ, ತಾನೇ ಕಳಚಿ ತೇಲುತ್ತದೆ. ಹಟ ಮಾಡಿದರೆ ಬಿದಿರು ಕಡ್ಡಿಯ ತುದಿಯಿಂದ ಒಂದು ಎಸಳನ್ನು ಕೆಳಕ್ಕೆ ತಳ್ಳಿ. ಹೂವು ಬೇಯುತ್ತಿರುವಷ್ಟು ಹೊತ್ತೂ ಅಚ್ಚು ಎಣ್ಣೆಯಲ್ಲೇ ಇರಲಿ, ಮುಂದಿನ ಸುತ್ತಿಗೆ ಬಿಸಿ ಆಗಿರುತ್ತದೆ. ಅದನ್ನು ಹೊರಗೆ ತಟ್ಟೆಯಲ್ಲಿಟ್ಟು ಹೂವು ತಿರುವುತ್ತಾ ನಿಂತವರೇ ನನಗೆ ಫೋನ್ ಮಾಡುವುದು.

ಗುಳ್ಳೆ ಕಡಿಮೆಯಾಗಿ, ಬಣ್ಣ ತಿಳಿ ಹೊಂಬಣ್ಣ ಇರುವಾಗಲೇ ತೆಗೆಯಿರಿ. ಹೊರಗೆ ಬಂದ ಮೇಲೂ ಬಣ್ಣ ಏರುತ್ತದೆ. ಬಿಸಿಯಲ್ಲಿ ಮೆತ್ತಗಿದ್ದರೆ ಗಾಬರಿ ಬೇಡ, ಆರಿದ ಮೇಲೆಯೇ ಗರಿಗರಿ. ಪೂರ್ತಿ ಆರದೆ ಡಬ್ಬಿಗೆ ತುಂಬಿದರೆ ಮಾತ್ರ ಕೆಟ್ಟಿತು. ಮೊದಲ ಎರಡು ಹೂವು ಹಾಳಾಗುತ್ತವೆ. ಮೊದಲ ದೋಸೆ ಯಾರ ಮನೆಯಲ್ಲಿ ಸರಿಯಾಗಿ ಎದ್ದಿದೆ ಹೇಳಿ?

ಮುಗಿದ ಮೇಲೆ ಅಚ್ಚನ್ನು ತೊಳೆಯಬೇಡಿ. ಒರೆಸಿ, ಎಣ್ಣೆ ಸವರಿ, ಕಾಗದದಲ್ಲಿ ಸುತ್ತಿಡಿ. ನೆನಪಿಲ್ಲದೆ ಪಾತ್ರೆ ತೊಳೆಯುವವರ ಕೈಗೆ ಕೊಟ್ಟಿರೋ, ಮತ್ತೆ ಗಂಜಿಯಿಂದ ಶುರು.

ಕಲ್ಕಲ್, ಕೇಕ್

ಶಂಕರಪೋಳಿ ಮಾಡಲು ಬರುವವರಿಗೆ ಕಲ್ಕಲ್ ಕಲಿಸುವುದೇನೂ ಇಲ್ಲ. ಎರಡು ಕಪ್ ಮೈದಾ, ಅರ್ಧ ಕಪ್ ಪುಡಿ ಸಕ್ಕರೆ, ಎರಡು ಚಮಚ ಬಿಸಿ ತುಪ್ಪ, ಚಿಟಿಕೆ ಉಪ್ಪು. ತೆಂಗಿನ ಹಾಲಿನಲ್ಲಿ ಚಪಾತಿ ಹಿಟ್ಟಿನ ಹಾಗೆ ಕಲಸಿ, ಗೋಲಿ ಗಾತ್ರದ ಉಂಡೆ ಮಾಡಿ, ಫೋರ್ಕಿನ ಬೆನ್ನಿಗೆ ಒತ್ತಿ ಸುರುಳಿ ಸುತ್ತಿ, ಸಣ್ಣ ಉರಿಯಲ್ಲಿ ಕರಿಯಿರಿ. ಹೊಸ ಬಾಚಣಿಗೆಯಲ್ಲಿ ಒತ್ತಿದರೆ ಗೆರೆ ಇನ್ನೂ ಚಂದ. ಇದು ಮಕ್ಕಳ ಕೆಲಸ. ಅವರನ್ನು ಒಲೆಯಿಂದ ದೂರ, ಊಟದ ಮೇಜಿನ ಹತ್ತಿರ ಕೂರಿಸಿದರೆ ಒಂದು ಗಂಟೆ ಮನೆ ತಣ್ಣಗಿರುತ್ತದೆ. ಮೇಲಿಂದ ಸಕ್ಕರೆ ಪಾಕ ಹಾಕುವವರಿದ್ದಾರೆ. ನನಗೆ ಅದು ಅತಿ ಅನ್ನಿಸುತ್ತದೆ.

ಪ್ಲಮ್ ಕೇಕ್ ಬೇಕರಿಯಿಂದ ತನ್ನಿ. ಕುಕ್ಕರಿನಲ್ಲಿ ಮರಳು ಹಾಕಿ, ಗ್ಯಾಸ್ಕೆಟ್ ತೆಗೆದು ಬೇಯಿಸಬಹುದು, ಮಾಡಿಯೂ ಇದ್ದೇನೆ. ಮೂರು ದಿನದ ಕರಿಯುವ ಕೆಲಸದ ನಡುವೆ ಅದೊಂದು ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ನಕ್ಷತ್ರ

ಅಂಗಡಿಯ ಪ್ಲಾಸ್ಟಿಕ್ ಮಡಚುವ ನಕ್ಷತ್ರ ಎರಡನೇ ವರ್ಷಕ್ಕೆ ಬಣ್ಣ ಕಳೆದುಕೊಂಡು ಸೊಟ್ಟಗಾಗುತ್ತದೆ. ಬಿದಿರಿನದು ಚೌಕಟ್ಟು ಹಾಗೇ ಇರುತ್ತದೆ, ವರ್ಷಾ ವರ್ಷಾ ಕಾಗದ ಬದಲಿಸಿದರೆ ಆಯಿತು. ಮೈಸೂರಿನವರು ಬಂಬೂ ಬಜಾರಿಗೆ ಹೋಗಿ ಸೀಳಿದ ಕಡ್ಡಿ ಕೇಳಿ ತನ್ನಿ.

60 ಸೆಂ.ಮೀ. ಉದ್ದದ ಹತ್ತು ಕಡ್ಡಿ, 15 ಸೆಂ.ಮೀ.ನ ಐದು ತುಂಡು ಬೇಕು. ಹತ್ತೂ ಒಂದೇ ಅಳತೆ ಇರಬೇಕು, ಒಂದು ಬೆರಳು ಹೆಚ್ಚುಕಡಿಮೆ ಆದರೂ ನಕ್ಷತ್ರ ಕುಂಟುತ್ತದೆ. ಐದು ಕಡ್ಡಿಯನ್ನು ನೆಲದ ಮೇಲೆ ನಕ್ಷತ್ರದ ಆಕಾರಕ್ಕೆ ಜೋಡಿಸಿ ಕಣ್ಣಳತೆಯಲ್ಲಿ ಕಟ್ಟುತ್ತಾರೆ, ಅದಕ್ಕೇ ಒಂದು ಕೈ ಉದ್ದ, ಒಂದು ಕೈ ಮೊಂಡು. ಕಣ್ಣಳತೆ ಬೇಡ. ಪ್ರತಿ ಕಡ್ಡಿಗೂ ಎರಡೂ ತುದಿಯಿಂದ 23 ಸೆಂ.ಮೀ.ಗೆ ಪೆನ್ಸಿಲ್ ಗುರುತು ಹಾಕಿ. ನಡುವೆ 14 ಸೆಂ.ಮೀ. ಉಳಿಯುತ್ತದೆ. ಕಡ್ಡಿಗಳು ಒಂದನ್ನೊಂದು ದಾಟುವುದು ಆ ಗುರುತುಗಳಲ್ಲೇ ಆಗಬೇಕು. ಗುರುತಿಗೆ ಗುರುತು ಕೂಡಿಸಿ, ದಾಟುವ ಐದು ಕಡೆ, ತುದಿಯ ಐದು ಕಡೆ ದಾರ ಬಿಗಿಯಿರಿ. ನಕ್ಷತ್ರ ತಾನಾಗಿ ಸರಿಯಾಗಿ ಕೂರುತ್ತದೆ.

ಇಂಥ ಎರಡು ಚೌಕಟ್ಟು ಮಾಡಿ, ಒಂದರ ಮೇಲೊಂದು ಇಟ್ಟು ತುದಿಗಳನ್ನು ಸೇರಿಸಿ ಕಟ್ಟಿ. ಒಳಗೆ ಕಡ್ಡಿ ದಾಟುವ ಐದು ಜಾಗಗಳಲ್ಲಿ ಸಣ್ಣ ತುಂಡುಗಳನ್ನು ಅಡ್ಡ ನಿಲ್ಲಿಸಿ ಕಟ್ಟಿದರೆ ಹೊಟ್ಟೆ ಉಬ್ಬುತ್ತದೆ. ಆಷಾಢದಲ್ಲಿ ಉಳಿದ ಗಾಳಿಪಟದ ಕಾಗದ ಇದ್ದರೆ ಅದೇ ಸಾಕು. ಅಂಟಿಗೆ ಎರಡು ಚಮಚ ಮೈದಾ, ಒಂದು ಲೋಟ ನೀರು, ಸಣ್ಣ ಉರಿಯಲ್ಲಿ ಪಾರದರ್ಶಕ ಆಗುವ ತನಕ ಕಲಕುತ್ತಿರಿ. ಎರಡು ಮುಖಕ್ಕೂ ಪಕ್ಕದ ಸಂದುಗಳಿಗೂ ಕಾಗದ ಹಚ್ಚಿ, ಮೇಲಿನ ಒಂದು ಸಂದನ್ನು ಬಲ್ಬ್ ಇಳಿಸಲು ಬಿಡಿ. ಬಲ್ಬ್ ಎಲ್‌ಇಡಿ ಮಾತ್ರ. ಹಳೆಯ ತಂತಿ ಬಲ್ಬ್ ಕಾಗದವನ್ನು ಸುಡುವಷ್ಟು ಬಿಸಿಯಾಗುತ್ತದೆ. ನಕ್ಷತ್ರವನ್ನು ಸಜ್ಜದ ಕೆಳಗೇ ತೂಗುಹಾಕಿ. ನಮ್ಮ ಡಿಸೆಂಬರಿನ ಇಬ್ಬನಿಗೆ ಬಯಲಲ್ಲಿಟ್ಟ ಕಾಗದ ಎರಡೇ ರಾತ್ರಿಯಲ್ಲಿ ಜೋತುಬೀಳುತ್ತದೆ.

ಗೋದಲಿ

ಇದನ್ನು ಕೊನೆಗೆ ಬರೆಯುತ್ತಿದ್ದೇನೆ, ಆದರೆ ಎಲ್ಲಕ್ಕಿಂತ ಮೊದಲು ಶುರು ಮಾಡಬೇಕಾದ್ದು ಇದೇ. ಗೋದಲಿಯ ಮುಂದಿನ ಹಸಿರಿಗೆ ಪ್ಲಾಸ್ಟಿಕ್ ಹುಲ್ಲಿನ ಚಾಪೆ ಕೊಳ್ಳಬೇಡಿ. ಒಂದು ಹಿಡಿ ರಾಗಿ ಸಾಕು. ಡಿಸೆಂಬರ್ 13ರ ಆಸುಪಾಸಿನಲ್ಲಿ ರಾತ್ರಿ ನೆನೆಸಿ, ಮರುದಿನ ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಕಣ್ಣು ಬಿಟ್ಟ ಮೇಲೆ ಹಳೆ ತಟ್ಟೆಯ ಮಣ್ಣಿನಲ್ಲಿ ಒತ್ತಾಗಿ ಹರಡಿ. ಎರಡು ದಿನ ನೆರಳು, ಆಮೇಲೆ ಬೆಳಕು. ನೀರು ಚಿಮುಕಿಸಿ, ಸುರಿಯಬೇಡಿ. ಹುಮ್ಮಸ್ಸಿನಲ್ಲಿ 1ನೇ ತಾರೀಕೇ ಬಿತ್ತಿದರೆ ಹಬ್ಬದ ಹೊತ್ತಿಗೆ ಉದ್ದ ಬೆಳೆದು ಮಲಗುತ್ತದೆ. 20ಕ್ಕೆ ಬಿತ್ತಿದರೆ ಬಿಳಿ ದಾರ ಮಾತ್ರ.

ಹುಲ್ಲಿಗೂ ದುಡ್ಡು ಬೇಡ. ಮಂಡ್ಯ ಕಡೆ ಆಗ ಭತ್ತದ ಕೊಯ್ಲು, ಊರಿಗೆ ಹೋದವರು ಒಂದು ಹೊರೆ ತಂದರೆ ಬೀದಿಗೆಲ್ಲ ಸಾಕು. ಹಸು, ಕುರಿಗಳಿಗೆ ನಾನು ಪಕ್ಕದ ಮನೆಯ ದಸರಾ ಗೊಂಬೆ ಪೆಟ್ಟಿಗೆಯನ್ನೇ ನೆಚ್ಚಿಕೊಂಡಿದ್ದೇನೆ. ಅವರು ಹಬ್ಬ ಮುಗಿಸಿ ಗೊಂಬೆ ಕಟ್ಟಿಡುವಾಗಲೇ ಹಸು ಕರುವನ್ನು ಬೇರೆ ಇಟ್ಟಿರುತ್ತಾರೆ. ಬದಲಿಗೆ 25ರ ಬೆಳಿಗ್ಗೆ ಒಂದು ತಟ್ಟೆ ಗುಲಾಬಿ ಹೂವು ಹೋಗುತ್ತದೆ, ಮೊಟ್ಟೆ ಹಾಕದ್ದು.

ಗೋದಲಿ ದೊಡ್ಡದಿಲ್ಲ ಅಂತ ಮಕ್ಕಳು ಮುಖ ಊದಿಸಿದರೆ ಸಂತ ಫಿಲೋಮಿನಾ ಚರ್ಚಿಗೆ ಕರೆದುಕೊಂಡು ಹೋಗಿ ದೊಡ್ಡದನ್ನು ತೋರಿಸಿ. ಬರುವ ದಾರಿಯಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ಕಥೆ ಹೇಳಿ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಅವರು ಕ್ರಿಸ್ಮಸ್ ರಾತ್ರಿ ಗೋದಲಿ ಮಾಡಿದಾಗ ಅಲ್ಲಿದ್ದದ್ದು ಹುಲ್ಲು, ಒಂದು ಎತ್ತು, ಒಂದು ಕತ್ತೆ. ಸೀರಿಯಲ್ ಲೈಟ್ ಇರಲಿಲ್ಲ.

ಬಾಲ ಯೇಸುವಿನ ಗೊಂಬೆಯನ್ನು 24ರ ನಡುರಾತ್ರಿಯ ತನಕ ಇಡಬೇಡಿ, ತೊಟ್ಟಿಲು ಖಾಲಿಯೇ ಇರಲಿ. ಬಾಲ ಯೇಸುವನ್ನು ನೋಡಲು ಬಂದ ಮೂರು ರಾಯರ ಹಬ್ಬ, ಜನವರಿ 6, ಕಳೆದ ಮೇಲೆ ಗೋದಲಿ ಬಿಚ್ಚಿ, ಗೊಂಬೆಗಳನ್ನು ಒರೆಸಿ ವಾಪಸ್ ಕೊಡಿ. ರಾಗಿ ಪೈರು, ಹುಲ್ಲು ಎರಡನ್ನೂ ಗೇಟಿನ ಹತ್ತಿರ ಇಟ್ಟರೆ ಸಾಕು, ಬೀದಿಯ ಹಸು ಬಂದು ತಿಂದು ಹೋಗುತ್ತದೆ.