ಮುಧೋಳ ಮರಿ: ಆರಿಸುವುದು, ಕರೆದರೆ ತಿರುಗುವಂತೆ ಪಳಗಿಸುವುದು

ಸಾಂಗ್ಲಿ ಜಿಲ್ಲೆಯ ನಮ್ಮ ಜತ್ತ ತಾಲೂಕಿನ ಮಡ್ಡಿ ನೆಲದಲ್ಲಿ ಮರ ಕಡಿಮೆ, ಕಣ್ಣು ಹಾಯುವವರೆಗೂ ಬಯಲು. ಇಲ್ಲಿ ಮುಧೋಳ ನಾಯಿ ಸಾಕುವವರಿಗೆ ಇರುವುದು ಒಂದೇ ದೊಡ್ಡ ಕೆಲಸ: ಓಡಿದ ನಾಯಿ ಕರೆದರೆ ತಿರುಗಬೇಕು. ಇದು ಮೂಸಿ ಹುಡುಕುವುದಕ್ಕಿಂತ ಕಣ್ಣಿಂದ ಕಂಡು ಬೆನ್ನಟ್ಟುವ ತಳಿ. ಕಣ್ಣು ನೆಟ್ಟಿತೆಂದರೆ ಕಿವಿ ಕೇಳುವುದಿಲ್ಲ. ಹಾಗಾಗಿ ಮರಿ ಆರಿಸುವಾಗಲೂ ಓಟಕ್ಕಿಂತ ತಿರುಗುವ ಗುಣವನ್ನೇ ನೋಡುತ್ತೇನೆ.

ಎಂಟು ವಾರ ತುಂಬದ ಮರಿ ತರುವುದಿಲ್ಲ. ಬೇಗ ತಾಯಿ ಬಿಡಿಸಿದರೆ ಎಷ್ಟು ಜೋರಾಗಿ ಕಚ್ಚಬಾರದು ಎಂಬುದನ್ನು ಒಡಹುಟ್ಟಿದವುಗಳ ಜೊತೆ ಆಡಿ ಕಲಿತಿರುವುದಿಲ್ಲ. ಮೊದಲು ತಾಯಿಯನ್ನು ನೋಡಬೇಕು. ಹೊಸಬರಿಂದ ದೂರ ನಿಲ್ಲುವುದು ಈ ತಳಿಯ ಸ್ವಭಾವ, ದೋಷವಲ್ಲ. ಬಾಲ ಹೊಟ್ಟೆಗೆ ಸೇರಿಸಿ ನಡುಗುವ ತಾಯಿಯ ಮರಿ ಮಾತ್ರ ಬೇಡ. ಆಮೇಲೆ ಮರಿಯ ಮೈ: ಮೇಲಿನ ಹಲ್ಲು ಕೆಳಗಿನವಕ್ಕೆ ಹೊಂದಿಕೊಂಡು ಸ್ವಲ್ಪವೇ ಮುಂದಿರಬೇಕು, ಹೊಕ್ಕುಳಲ್ಲಿ ಗಂಟು ಇರಬಾರದು, ಗಂಡಾದರೆ ಎರಡೂ ಬೀಜ ಕೈಗೆ ಸಿಗಬೇಕು. ಮೈ ಬಡಕಲಾಗಿ ಹೊಟ್ಟೆ ಮಾತ್ರ ಗಡಿಗೆಯಂತಿದ್ದರೆ ಸಾಮಾನ್ಯವಾಗಿ ಜಂತು.

ದಾರಕ್ಕೆ ಬಟ್ಟೆ ಚೂರು ಕಟ್ಟಿ ಎಳೆದರೆ ಹೆಚ್ಚಿನ ಮರಿಗಳು ಬೆನ್ನು ಹತ್ತುತ್ತವೆ. ನನಗೆ ಬೇಕಾದದ್ದು ಆಮೇಲಿನದು. ಬಟ್ಟೆಯನ್ನು ಮುಷ್ಟಿಯಲ್ಲಿ ಅಡಗಿಸಿ, ಕುಕ್ಕರಗಾಲಲ್ಲಿ ಕೂತು ಲೊಚಗುಟ್ಟುತ್ತೇನೆ. ಹುಡುಕುವುದನ್ನು ಬಿಟ್ಟು ಮುಖ ನೋಡಿ ಹತ್ತಿರ ಬಂದ ಮರಿಯನ್ನೇ ಆರಿಸುತ್ತೇನೆ.

ಮನೆಗೆ ಬಂದ ದಿನದಿಂದಲೇ ಸೀಟಿ ಶುರು. ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ ಊಟ. ಪ್ರತಿ ಸಲ ಎರಡು ಗಿಡ್ಡ ಸೀಟಿ, ಕೂಡಲೇ ತಟ್ಟೆ. ಎರಡು ವಾರಕ್ಕೆ ನಿದ್ದೆಯಿಂದಲೂ ಎದ್ದು ಬರುತ್ತದೆ. ಆಗ ಅಂಗಳ, ಆಮೇಲೆ ಹತ್ತು ಮೀಟರ್ ಹಗುರ ಹಗ್ಗ ಕಟ್ಟಿ ಹೊಲ. ಇಬ್ಬರು ಮೂವತ್ತು ಹೆಜ್ಜೆ ಅಂತರದಲ್ಲಿ ನಿಂತು ಸರದಿಯಂತೆ ಕರೆಯಬೇಕು. ಬಂದಾಗ ಉಗುರಿನಷ್ಟು ಬೇಯಿಸಿದ ಕೋಳಿ ಲಿವರ್. ಐದಾರು ಕರೆಗೆ ನಿಲ್ಲಿಸಬೇಕು, ಬೇಸರ ಬಂದ ಮೇಲೆ ಕರೆದರೆ ಕರೆಯೇ ಹಗುರಾಗುತ್ತದೆ.

ಹೆಚ್ಚಿನವರು ಕೆಡಿಸುವುದು ಇಲ್ಲಿ. ಕಟ್ಟಿಹಾಕುವಾಗಷ್ಟೇ ಕರೆಯುತ್ತಾರೆ, ಕರೆ ಎಂದರೆ ಆಟ ಮುಗಿಯಿತು ಎಂದು ನಾಯಿ ಕಲಿಯುತ್ತದೆ. ನಾನು ಹತ್ತು ಸಲ ಕರೆದರೆ ಒಂಬತ್ತು ಸಲ ತಿನ್ನಿಸಿ ಮತ್ತೆ ಬಿಡುತ್ತೇನೆ. ತಡವಾಗಿ ಬಂದದ್ದಕ್ಕೆ ಹೊಡೆದರೂ ಅಷ್ಟೇ: ನಾಯಿಯ ಲೆಕ್ಕದಲ್ಲಿ ಪೆಟ್ಟು ಬಿದ್ದದ್ದು ಬಂದದ್ದಕ್ಕೆ.

ಈ ನಾಯಿಯ ತಲೆ ಕಿರಿದು, ಸಾದಾ ಬೆಲ್ಟಿನಿಂದ ನುಣುಚಿಕೊಳ್ಳುತ್ತದೆ. ಎರಡು ಬೆರಳು ತೂರುವಷ್ಟು ಬಿಗಿಯಾದ ಅಗಲ ಪಟ್ಟಿ ಹಾಕಬೇಕು. ಉದ್ದ ಹಗ್ಗವನ್ನು ಮಾತ್ರ ಎದೆಪಟ್ಟಿಗೇ ಕಟ್ಟುವುದು. ಜೋರು ಓಟದಲ್ಲಿ ಹಗ್ಗ ಮುಗಿದರೆ ಕುತ್ತಿಗೆಗೆ ಪೆಟ್ಟು.

ಕುರಿ ವಿಷಯದಲ್ಲಿ ಅವಸರ ಸಲ್ಲ. ಹತ್ತು ವಾರದಿಂದಲೇ ನಮ್ಮ ಕಡೆಯ ಮಾಡಗ್ಯಾಳ ತಳಿಯ ಕುರಿಗಳ ಹಟ್ಟಿ ಪಕ್ಕ ಹಗ್ಗ ಹಿಡಿದು ಕೂರಿಸುತ್ತೇನೆ. ಕುರಿಯಿಂದ ಕಣ್ಣು ತೆಗೆದು ನನ್ನತ್ತ ನೋಡಿದ ಕ್ಷಣವೇ ತುತ್ತು. ಚಂಗನೆ ಜಿಗಿಯುವ ಕುರಿಮರಿ ದೊಡ್ಡ ಪರೀಕ್ಷೆ. ಒಂದೂವರೆ ವರ್ಷದವರೆಗೆ ಹಿಂಡಿನಲ್ಲಿ ಬಿಚ್ಚಿ ಬಿಡುವುದಿಲ್ಲ.

ಮೊಲದ ಹಿಂದೆ ಬಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಓಟದ ಆಸೆಗೆ ಗೋಣಿ ತುಂಡು ಕಟ್ಟಿದ ಹಗ್ಗ ಸಾಕು. ಅದೂ ಹದಿನೈದು ತಿಂಗಳ ನಂತರ, ಎಲುಬು ಬಲಿತ ಮೇಲೆ. ಊಟವಾಗಿ ಎರಡು ತಾಸು ಕಳೆಯುವವರೆಗೆ ಓಡಿಸಬಾರದು. ಎದೆ ಆಳವಾದ ನಾಯಿಗಳಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವುದುಂಟು, ಕೆಲವೇ ತಾಸಿನಲ್ಲಿ ಜೀವ ಹೋಗುತ್ತದೆ.

ಎಂಟು ವಾರಕ್ಕೆ ಡಿಸ್ಟೆಂಪರ್, ಪಾರ್ವೋ ಎಂಬ ಮಾರಕ ರೋಗಗಳ ಲಸಿಕೆ ಆಗಿರಬೇಕು; ಹದಿನಾರು ವಾರದವರೆಗೆ ಮೂರು-ನಾಲ್ಕು ವಾರಕ್ಕೊಮ್ಮೆ ಮತ್ತೆ. ಮೂರು ತಿಂಗಳಿಗೆ ರೇಬಿಸ್ ಲಸಿಕೆ. ಶಸ್ತ್ರಚಿಕಿತ್ಸೆ ಬಂದರೆ ಡಾಕ್ಟರಿಗೆ ತಳಿ ಹೇಳಲೇಬೇಕು: ಮೈಯಲ್ಲಿ ಕೊಬ್ಬು ಕಡಿಮೆ ಇರುವ ಈ ಬಗೆಯ ನಾಯಿಗಳಿಗೆ ಕೆಲವು ಅರಿವಳಿಕೆ ಔಷಧಗಳ ಅಮಲು ಬೇಗ ಇಳಿಯುವುದಿಲ್ಲ.

ಓಟ ಮುಗಿದ ಮೇಲೆ ಪಾದ ಹಿಡಿದು ಬೆರಳು ಬಿಡಿಸಿ ನೋಡುತ್ತೇನೆ. ಮುರಿದ ಜಾಲಿಮುಳ್ಳು ಮೇಲೆ ಕಪ್ಪು ಚುಕ್ಕೆಯಷ್ಟೇ ಕಾಣುತ್ತದೆ, ಒತ್ತಿದರೆ ನಾಯಿ ಕಾಲು ಎಳೆದುಕೊಳ್ಳುತ್ತದೆ. ರಕ್ತ ಹೀರುವ ಉಣ್ಣೆಹುಳ ಕೂರುವುದೂ ಬೆರಳ ಸಂದಿಯಲ್ಲೇ, ಕಿವಿಯೊಳಗೇ.