ಅಡಿಯಿಂದ ಮೀಟರಿಗೆ, ಮತ್ತೆ ಅಡಿಗೆ

ದಾವಣಗೆರೆಯಲ್ಲಿ ಬಿಇ ಓದುವಾಗ ನಾನು ಅಡಿ, ಅಂಗುಲದಲ್ಲಿ ಒಂದು ಲೆಕ್ಕವನ್ನೂ ಮಾಡಿರಲಿಲ್ಲ. ಮನೆಯ ಸೈಟು 30-40, ಹೊಲ ಎಕರೆ-ಗುಂಟೆ, ಅದು ಬೇರೆ ಮಾತು ಬಿಡಿ. ಅಮೆರಿಕದ ಪಶ್ಚಿಮ ಭಾಗದ ಒಂದು ರಾಜ್ಯದ ಹೆದ್ದಾರಿ ಇಲಾಖೆಗೆ ಸೇರಿದ ಮೇಲೆ ಪಿಎಸ್‌ಐ (ಚದರ ಅಂಗುಲಕ್ಕೆ ಇಷ್ಟು ಪೌಂಡ್ ಒತ್ತಡ), ಕ್ಯೂಬಿಕ್ ಯಾರ್ಡ್, ಕಿಪ್ (ಸಾವಿರ ಪೌಂಡ್ ಭಾರ) ಎಲ್ಲವನ್ನೂ ಒದ್ದಾಡಿ ಕಲಿತೆ. ಇನ್ನೇನು ಕೈ ಪಳಗಿತು ಅನ್ನುವಾಗ ಮೀಟರಿಗೆ ಹೋಗಬೇಕು ಅಂತ ಸುತ್ತೋಲೆ ಬಂತು.

ಹಿನ್ನೆಲೆ ಇಷ್ಟು. 1988ರ ಕಾನೂನು ಮೆಟ್ರಿಕ್ ಪದ್ಧತಿಗೆ ಆದ್ಯತೆ ಕೊಟ್ಟಿತ್ತು. 1991ರಲ್ಲಿ ಅಧ್ಯಕ್ಷ ಬುಷ್ ಆದೇಶವನ್ನೂ ಹೊರಡಿಸಿದರು. ಫೆಡರಲ್ ದುಡ್ಡಿನ ಹೆದ್ದಾರಿ ಕೆಲಸಗಳೆಲ್ಲ 1996ರ ಸೆಪ್ಟೆಂಬರ್ 30ರೊಳಗೆ ಮೀಟರಿಗೆ ಬರಬೇಕು ಅಂತಾಯಿತು. 'ನೀನು ಇಂಡಿಯಾದವನು, ನಿನಗಿದು ಗೊತ್ತಲ್ವಾ' ಅಂತ ನಮ್ಮ ವಿಭಾಗದ ಹೊಣೆಯನ್ನು ನನ್ನ ತಲೆಗೆ ಕಟ್ಟಿದರು.

ಗುಣಾಕಾರ ಮಾಡಿದರೆ ಮುಗಿಯಿತು ಅಂದುಕೊಂಡಿದ್ದೆ. ಮೊದಲ ದಿನವೇ ಸಿಕ್ಕಿಬಿದ್ದೆ. 12 ಅಡಿಯ ಪಥ ಅಂದರೆ 3.6576 ಮೀಟರ್. ಆ ಸಂಖ್ಯೆಯನ್ನು ಯಾರು ಬರೆಯುತ್ತಾರೆ? 3.6 ಅಂತ ನಿಗದಿಯಾಯಿತು. ಹೊಸ ರಸ್ತೆಗೆ ಸರಿ. ಆದರೆ ನಮ್ಮದು ಹಳೆ ರಸ್ತೆಯ ಅಗಲೀಕರಣ. ಹಳೆಯ ನಾಲ್ಕು ಪಥಕ್ಕೂ ಹೊಸ ನಾಲ್ಕು ಪಥಕ್ಕೂ 23 ಸೆಂಟಿಮೀಟರ್ ವ್ಯತ್ಯಾಸ. ಎರಡೂ ಸೇರುವ ಜಾಗದಲ್ಲಿ ಬಣ್ಣದ ಗೆರೆ ಸೊಟ್ಟಗಾಗುತ್ತಿತ್ತು. ಕೊನೆಗೆ ಅಲ್ಲಿ 30 ಮೀಟರ್ ಉದ್ದಕ್ಕೆ ನಿಧಾನವಾಗಿ ಅಗಲ ಬದಲಿಸಿದೆವು. ಸೇತುವೆ ಕೆಳಗಿನ ಎತ್ತರವನ್ನು ಮಾತ್ರ ಯಾವತ್ತೂ ಕೆಳಕ್ಕೆ ಇಳಿಸಲಿಲ್ಲ. 16 ಅಡಿ ಅಂದರೆ 4.877, ಬರೆದದ್ದು 4.9. ಲಾರಿಯ ತಲೆಗೆ ದಶಮಾಂಶ ಗೊತ್ತಾಗುವುದಿಲ್ಲ ನೋಡಿ.

ಕಾರ್ಖಾನೆಯಿಂದ ಬರುವ ಸಾಮಾನನ್ನು ಬದಲಿಸುವುದು ನಮ್ಮ ಕೈಯಲ್ಲಿರಲಿಲ್ಲ. ರಸ್ತೆ ಬದಿಯ ಉಕ್ಕಿನ ತಡೆಬೇಲಿಯ ಕಂಬಗಳ ನಡುವೆ 6 ಅಡಿ 3 ಅಂಗುಲ ಇರುತ್ತದೆ. ಬೇಲಿಯ ತೂತುಗಳೂ ಅದಕ್ಕೆ ತಕ್ಕಂತೆ ಕೊರೆದು ಬರುತ್ತವೆ. ಹಾಗಾಗಿ ನಕ್ಷೆಯಲ್ಲಿ 1905 ಮಿಲಿಮೀಟರ್ ಅಂತಲೇ ಬರೆದೆವು. ಹೆಸರಿಗೆ ಮೀಟರು, ಒಳಗೆ ಅದೇ ಅಡಿ.

ನನ್ನ ದೊಡ್ಡ ಎಡವಟ್ಟು ಅಡಿಯದೇ. ಹಳೆಯ ಸರ್ವೆಯ ಬಿಂದುಗಳನ್ನು 0.3048ರಿಂದ ಗುಣಿಸಿ ಮೀಟರಿಗೆ ತಂದೆ. ಸೇತುವೆಯ ಒಂದು ತುದಿ ಇರಬೇಕಾದ ಕಡೆಯಿಂದ ಸುಮಾರು 1.8 ಮೀಟರ್ ಪಕ್ಕಕ್ಕೆ ಬಂತು. ಎರಡು ದಿನ ಲೆಕ್ಕ ತಿರುವಿ ಹಾಕಿದೆ. ತಪ್ಪೇ ಸಿಗಲಿಲ್ಲ. ಸರ್ವೆ ತಂಡದ ಹಿರಿಯರೊಬ್ಬರು ಕಾಗದ ನೋಡಿ ಕೇಳಿದ್ದು ಒಂದೇ ಪ್ರಶ್ನೆ, 'ಇದು ಯಾವ ಅಡಿ?'

ಆಗ ಅಡಿಯಲ್ಲೂ ಎರಡು ಇದ್ದವು, ಅದು ನನಗೆ ಗೊತ್ತೇ ಇರಲಿಲ್ಲ. ಒಂದು 0.3048 ಮೀಟರ್. ಇನ್ನೊಂದು ಭೂಮಾಪನದವರ 'ಸರ್ವೆ ಅಡಿ', 1200 ಭಾಗಿಸು 3937 ಮೀಟರ್ (2022ರ ಕೊನೆಗೆ ಅದನ್ನು ಅಧಿಕೃತವಾಗಿ ಕೈಬಿಟ್ಟರು). ಹತ್ತು ಲಕ್ಷದಲ್ಲಿ ಎರಡು ಪಾಲು ವ್ಯತ್ಯಾಸ, ಅಷ್ಟೇ. ನೂರು ಅಡಿಯ ಗೋಡೆಗೆ ಅದು ಲೆಕ್ಕಕ್ಕೇ ಇಲ್ಲ. ಆದರೆ ನಮ್ಮ ಬಿಂದುಗಳ ಅಳತೆ ರಾಜ್ಯದ ಮೂಲಬಿಂದುವಿನಿಂದ ಸುಮಾರು 30 ಲಕ್ಷ ಅಡಿ. ಗುಣಿಸಿ ನೋಡಿ, ಸರಿಯಾಗಿ ಆರು ಅಡಿ. ಕಾಂಕ್ರೀಟ್ ಬೀಳುವ ಮೊದಲೇ ಸಿಕ್ಕಿತು, ಪುಣ್ಯ. ಅವತ್ತಿನಿಂದ ಪ್ರತಿ ಫೈಲಿನ ತಲೆಗೆ ಯಾವ ಅಡಿಯಿಂದ ಬಂದದ್ದು ಅಂತ ದಪ್ಪ ಅಕ್ಷರದಲ್ಲಿ ಬರೆಸಿದೆ.

ಜನರಿಗೆ ಕಲಿಸುವಾಗ ಒಂದು ಉಪಾಯ ಮಾಡಿದೆ. ಅಡಿಯ ಸ್ಕೇಲುಗಳನ್ನು ಒಂದು ಡ್ರಾಯರಿಗೆ ಹಾಕಿ ಬೀಗ ಹಾಕಿದೆ. ಎರಡೂ ಸಂಖ್ಯೆ ಪಕ್ಕಪಕ್ಕ ಬರೆಯಬೇಡಿ ಅಂದೆ, ಬರೆದರೆ ಕಣ್ಣು ಹಳೆಯದಕ್ಕೇ ಹೋಗುತ್ತದೆ. ಕಾರಿಡಾರಿನ ನೆಲಕ್ಕೆ ಹತ್ತು ಮೀಟರ್ ಟೇಪ್ ಅಂಟಿಸಿದೆ. ಕಾಫಿಗೆ ಹೋಗುವವರು ಅದರ ಮೇಲೇ ಹೋಗಬೇಕು. ತಮಾಷೆ ಅನ್ನಿಸಬಹುದು, ಆದರೆ ಕೆಲಸ ಮಾಡಿದ್ದು ಅದೇ. ನಾಲ್ಕು ತಿಂಗಳಲ್ಲಿ ಡ್ರಾಫ್ಟಿಂಗಿನ ಅತಿ ಹಿರಿಯರು ನಕ್ಷೆ ನೋಡಿ 'ಈ ಚರಂಡಿ 450 ಮಿಲಿಮೀಟರ್ ಅಲ್ಲ, 600 ಬೇಕು' ಅಂದರು. ಕ್ಯಾಲ್ಕುಲೇಟರ್ ಮುಟ್ಟಲೇ ಇಲ್ಲ.

ಅಷ್ಟರಲ್ಲಿ ಗಡುವು 2000ಕ್ಕೆ ಜಾರಿತು. 1998ರ ಕಾನೂನು ಅದನ್ನೂ ತೆಗೆದುಹಾಕಿ, ರಾಜ್ಯಗಳು ಬೇಕಾದ್ದು ಮಾಡಿಕೊಳ್ಳಲಿ ಅಂದಿತು. ಗುತ್ತಿಗೆದಾರರಿಗೆ ಮೊದಲಿಂದಲೂ ಇಷ್ಟವಿರಲಿಲ್ಲ. ಊರಿನ ಪುರಸಭೆ ಕೆಲಸ ಅಡಿಯಲ್ಲಿ, ನಮ್ಮದು ಮೀಟರಿನಲ್ಲಿ ಅಂದರೆ ಅವರಿಗೆ ಎರಡೆರಡು ಲೆಕ್ಕ. ಫಲಕಗಳಂತೂ ಮೈಲಿಯಲ್ಲೇ ಇದ್ದವು, ವಾಹನ ಓಡಿಸುವವರಿಗೆ ಇದೆಲ್ಲ ನಡೆದದ್ದೇ ತಿಳಿಯಲಿಲ್ಲ. ಅರಿಜೋನಾದ ಐ-19 ರಸ್ತೆಯಲ್ಲಿ ಮಾತ್ರ ಕಿಲೋಮೀಟರ್ ಫಲಕ ಕಾಣುತ್ತವೆ, ಅವು ಇದಕ್ಕೂ ಹಳೆಯವು.

ಕೆಲವೇ ವರ್ಷಗಳಲ್ಲಿ ನಾವೂ ವಾಪಸ್ ಹೋದೆವು. ಡ್ರಾಯರಿನ ಬೀಗ ನಾನೇ ತೆಗೆದೆ. ಆದರೆ ಕಬ್ಬಿಣದ ಗಿರಣಿಗಳು ಅಷ್ಟರಲ್ಲಿ ಅರ್ಧ ಇಂಚಿನ ಕಂಬಿಯ ಮೇಲೆ 4ರ (ಅಂದರೆ ಇಂಚಿನ ಎಂಟು ಪಾಲಿನಲ್ಲಿ ನಾಲ್ಕು) ಬದಲು 13 (ಅಂದರೆ ಸುಮಾರು 13 ಮಿಲಿಮೀಟರ್) ಅಂತ ಅಚ್ಚು ಹಾಕಲು ಶುರು ಮಾಡಿಬಿಟ್ಟಿದ್ದವು. ಅವು ಆಗ ನಮ್ಮ ಜೊತೆ ವಾಪಸ್ ಬರಲಿಲ್ಲ. ನಕ್ಷೆಯಲ್ಲಿ 4, ಕಂಬಿಯ ಮೇಲೆ 13. ಹೊಸ ಮೇಲ್ವಿಚಾರಕರು ಸೈಟಿನಿಂದ ಫೋನ್ ಮಾಡಿ 'ತಪ್ಪು ಕಂಬಿ ಬಂದಿದೆ ಸರ್' ಅನ್ನುತ್ತಿದ್ದರು. ಸರಿಯಾಗಿದೆ, ಕಟ್ಟಿಸಿ ಅನ್ನುತ್ತಿದ್ದೆ.