ಬಾರ್ಬೆಕ್ಯೂ ಸ್ಪರ್ಧೆಗೆ ಹೊರಟಿದ್ದೀರಾ? ಮೊದಲು ಕೋಳಿ ಚರ್ಮ ನೋಡಿ

ಅಮೆರಿಕದ ಊರುಗಳಲ್ಲಿ ಅಗ್ನಿಶಾಮಕ ದಳಕ್ಕೆ ಗಾಡಿ ಬೇಕಾದರೂ, ಶಾಲೆಯ ಬ್ಯಾಂಡಿಗೆ ವಾದ್ಯ ಬೇಕಾದರೂ ಬಾರ್ಬೆಕ್ಯೂ ಸ್ಪರ್ಧೆ ಇಡುವುದುಂಟು. ತಂಡಗಳು ಶುಲ್ಕ ಕಟ್ಟುತ್ತವೆ, ಜನ ಟಿಕೆಟ್ ಕೊಂಡು ರುಚಿ ನೋಡುತ್ತಾರೆ, ಖರ್ಚು ಕಳೆದು ಉಳಿದದ್ದು ಆ ಕೆಲಸಕ್ಕೆ. 2011ರಲ್ಲಿ ಮಿಸೌರಿಯ ಜಾಪ್ಲಿನ್ ಊರಿಗೆ ಸುಂಟರಗಾಳಿ ಬಡಿದಾಗ ಸ್ಪರ್ಧೆಯ ತಂಡಗಳೇ ಒಲೆ ಎಳೆದುಕೊಂಡು ಹೋಗಿ ಊಟ ಹಾಕಿದವು. ಆಪರೇಷನ್ ಬಾರ್ಬೆಕ್ಯೂ ರಿಲೀಫ್ ಎಂಬ ನೆರವಿನ ಸಂಸ್ಥೆ ಹುಟ್ಟಿದ್ದು ಹಾಗೆ.

ಅಲ್ಲಿರುವ ನಮ್ಮವರೂ ಈಗ ತಂಡ ಕಟ್ಟಿಕೊಂಡು ಹೋಗುತ್ತಾರೆ. ಮಸಾಲೆ ಬಗ್ಗೆ ವಾರಗಟ್ಟಲೆ ಚರ್ಚೆ. ಕೊನೆಗೆ ಚರ್ಮ ರಬ್ಬರಿನಂತಾಗಿ ಅಂಕ ಹೋಗುತ್ತದೆ. ಅದಕ್ಕೇ ಈ ಲೇಖನ.

ಮೊದಲು ನಿಯಮ ಓದಿ. ಬಹಳ ಕಡೆ ಕನ್ಸಾಸ್ ಸಿಟಿ ಬಾರ್ಬೆಕ್ಯೂ ಸೊಸೈಟಿ ಎಂಬ ಸಂಘದ ನಿಯಮಗಳೇ ನಡೆಯುತ್ತವೆ. ಗ್ಯಾಸ್, ಕರೆಂಟಿನ ಒಲೆಯಲ್ಲಿ ಬೇಯಿಸುವಂತಿಲ್ಲ. ಕಟ್ಟಿಗೆ ಅಥವಾ ಇದ್ದಿಲು ಮಾತ್ರ. ಮಾಂಸವನ್ನು ಅಲ್ಲಿನವರು ಪರೀಕ್ಷಿಸುವ ಮೊದಲು ಉಪ್ಪು ಕೂಡ ಹಚ್ಚಬಾರದು. ಹಿಂದಿನ ರಾತ್ರಿಯೇ ಮೊಸರು, ಖಾರದಪುಡಿ ಕಲಸಿಡುವ ನಮ್ಮ ಅಭ್ಯಾಸ ಇಲ್ಲಿ ನಡೆಯದು. ಕತ್ತರಿಸಿ ಸರಿಮಾಡಿ ತರಬಹುದು, ಅಷ್ಟೇ.

ತೊಡೆಯ ತುಂಡನ್ನೇ ಆರಿಸಿ. ಎದೆ ಮಾಂಸ ಬೇಗ ಒಣಗುತ್ತದೆ, ಅದರ ಮಾತೇ ಬೇಡ.

ಈಗ ಚರ್ಮ. ಹರಿಯದಂತೆ ಇಡಿಯಾಗಿ ಬಿಡಿಸಿ. ಅರ್ಧ ಗಂಟೆ ಫ್ರೀಜರಿನಲ್ಲಿಟ್ಟರೆ ಗಟ್ಟಿಯಾಗಿ ಕೈಗೆ ಸಿಗುತ್ತದೆ. ಒಳಮಗ್ಗುಲು ಮೇಲೆ ಬರುವಂತೆ ಹಲಗೆಯ ಮೇಲೆ ಹಾಸಿ, ಒಂದು ತುದಿ ಬೆರಳಲ್ಲಿ ಒತ್ತಿ ಹಿಡಿಯಿರಿ. ಚಾಕುವನ್ನು ಹೆಚ್ಚುಕಮ್ಮಿ ನೆಟ್ಟಗೆ ಹಿಡಿದು ಬೆರಳಿನಿಂದ ಹೊರಗಡೆಗೆ ಹೆರೆಯಿರಿ. ಬಿಳಿ ಕೊಬ್ಬು ಮುದ್ದೆಯಾಗಿ ಬರುತ್ತದೆ. ಚರ್ಮದ ಕೆಳಗಿನ ಹಲಗೆ ಕಾಣುವಷ್ಟು ತೆಳುವಾಗಬೇಕು. ಅವಸರ ಮಾಡಿದರೆ ತೂತು ಬೀಳುತ್ತದೆ, ಆದ್ದರಿಂದ ನಾಲ್ಕೈದು ತುಂಡು ಜಾಸ್ತಿ ಇಟ್ಟುಕೊಳ್ಳಿ. ಈ ಕೊಬ್ಬು ಉಳಿದರೆ ಚರ್ಮ ಎಷ್ಟು ಬೇಯಿಸಿದರೂ ಎಳೆಎಳೆಯಾಗಿ ಹಲ್ಲಿಗೆ ಅಂಟುತ್ತದೆ. ತೀರ್ಪುಗಾರರು ಒಂದು ಕಡಿತ ಕಡಿದಾಗ ಪೂರ್ತಿ ಚರ್ಮ ಕಳಚಿ ಬಂತೋ, ಮುಗೀತು. ಹೆರೆದ ಚರ್ಮವನ್ನು ಮತ್ತೆ ಮಾಂಸಕ್ಕೆ ಹೊದಿಸಿ, ಅಂಚನ್ನು ಅಡಿಗೆ ಮಡಚಿ. ತುಂಡುಗಳೆಲ್ಲ ಒಂದೇ ಅಳತೆ ಇರಲಿ. ಈ ಕೆಲಸ ಮನೆಯಲ್ಲೇ, ಹಿಂದಿನ ದಿನ ಮುಗಿಸಿ. ಒಲೆಗೆ ಇಡುವವರೆಗೆ ಮಾಂಸ ಐಸ್ ಪೆಟ್ಟಿಗೆಯಲ್ಲಿ, 40 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೇ ಇರಬೇಕು.

ಇದ್ದಿಲು ಹೊತ್ತಿಸಲು ಬಾಟಲಿಯಲ್ಲಿ ಸಿಗುವ ಆ ಎಣ್ಣೆ ಬೇಡವೇ ಬೇಡ, ಸೀಮೆಎಣ್ಣೆ ವಾಸನೆ ಬರುತ್ತದೆ. ತಗಡಿನ ಚಿಮಣಿಯಲ್ಲಿ ಕಾಗದ ಹಾಕಿ ಹೊತ್ತಿಸಿ. ಹೊಗೆಯ ರುಚಿ ಕೊಡುವ ‘ಲಿಕ್ವಿಡ್ ಸ್ಮೋಕ್’ ಎಂಬ ದ್ರವದ ಸೀಸೆಯನ್ನೂ ಅಂಗಡಿಯಲ್ಲೇ ಬಿಡಿ. ದಟ್ಟ ಬಿಳಿ ಹೊಗೆ ಹೋಗಿ ತೆಳುವಾಗುವವರೆಗೆ ಮಾಂಸ ಇಡಬೇಡಿ, ಕಹಿಯಾಗುತ್ತದೆ.

ಒಲೆ 275ರಿಂದ 300 ಡಿಗ್ರಿ ಇರಲಿ (ಇಲ್ಲಿನ ಡಿಗ್ರಿಗಳೆಲ್ಲ ಫ್ಯಾರನ್‌ಹೀಟ್). ‘ನಿಧಾನವಾಗಿ ಬೇಯಿಸಿ’ ಎಂಬ ಸಲಹೆ ಹಂದಿ, ದನದ ಮಾಂಸಕ್ಕೆ ಸರಿ. ಕಡಿಮೆ ಶಾಖದಲ್ಲಿ ಕೋಳಿ ಚರ್ಮ ಮೆತ್ತಗಾಗುವುದೇ ಇಲ್ಲ. ತಟ್ಟೆಗೆ ಬೆಣ್ಣೆ ಹಾಕಿ, ಚರ್ಮ ಮೇಲೆ ಬರುವಂತೆ ಜೋಡಿಸಿ. ಒಂದು ಗಂಟೆ ಹೊಗೆ, ಆಮೇಲೆ ಫಾಯಿಲ್ ಮುಚ್ಚಿ ಅರ್ಧ ಗಂಟೆ. ಒಳಗೆ 165 ಡಿಗ್ರಿ ಮುಟ್ಟಿದರೆ ತಿನ್ನಲು ಸುರಕ್ಷಿತ, ಆದರೆ ತೊಡೆ 175 ದಾಟಿದ ಮೇಲೆಯೇ ಮೆದು. ಥರ್ಮಾಮೀಟರ್ ಇಲ್ಲದೆ ಹೋಗಬೇಡಿ. ಸಾಸ್ ಕೊನೆಯ ಹತ್ತು ನಿಮಿಷ ಮಾತ್ರ.

ಆರು ತೀರ್ಪುಗಾರರು, ಆರು ತುಂಡು. ನೋಟ, ರುಚಿ, ಮೆದುತನಕ್ಕೆ 9ರಿಂದ ಕೆಳಗೆ ಅಂಕ. ರುಚಿಗೇ ಹೆಚ್ಚು ತೂಕ. ತೀರ್ಪುಗಾರರಿಗೆ ಒಪ್ಪಿಸುವ ಡಬ್ಬಿಯಲ್ಲಿ ಲೆಟ್ಯೂಸ್, ಪಾರ್ಸ್ಲಿ, ಕೊತ್ತಂಬರಿಯಂಥ ಸೊಪ್ಪು ಹಾಸಬಹುದು. ಈರುಳ್ಳಿ ಬಿಲ್ಲೆ, ನಿಂಬೆ ಹೋಳು ಇಟ್ಟರೆ ನೋಟದ ಅಂಕ ಹೋಯಿತು. ಡಬ್ಬಿ ಒಪ್ಪಿಸಲು ಹೇಳಿದ ಹೊತ್ತಿಗೆ ಐದು ನಿಮಿಷ ಆಚೀಚೆ ಮಾತ್ರ ಅವಕಾಶ. ಓಡಿಕೊಂಡು ಹೋಗಿ ಡಬ್ಬಿ ಅಲುಗಾಡಿಸಬೇಡಿ.

ಟಿಕೆಟ್ ಕೊಂಡವರಿಗೆ ಬಡಿಸುವುದು ಬೇರೆಯೇ ಲೆಕ್ಕ. ಅದಕ್ಕೆ ಕೌಂಟಿ ಆರೋಗ್ಯ ಇಲಾಖೆಯ ಅನುಮತಿ ಬೇಕಾಗಬಹುದು, ಸಂಘಟಕರನ್ನು ಮೊದಲೇ ಕೇಳಿ. ಇಲ್ಲಿ ಚರ್ಮ ಹೆರೆಯುವ ಗೋಜು ಬೇಡ. ಸಣ್ಣ ತುಂಡು ಮಾಡಿ, 140 ಡಿಗ್ರಿಗಿಂತ ಬಿಸಿಯಾಗಿಡಿ. ತೀರ್ಪುಗಾರರಿಗೆ ಸಿಹಿ ಮುಂದಿರಲಿ, ನಿಮ್ಮ ಬ್ಯಾಡಗಿ ಖಾರವನ್ನು ಈ ಸಾಲಿಗೆ ಉಳಿಸಿ. ದೇಣಿಗೆ ಡಬ್ಬಿಯನ್ನು ಸಾಸ್ ಬಾಟಲಿಯ ಪಕ್ಕದಲ್ಲೇ ಇಡಿ, ಎಲ್ಲರೂ ಅಲ್ಲಿಗೆ ಬಂದೇ ಬರುತ್ತಾರೆ.